ಬೆಳ್ಳಿಯ ತೆರೆಯೂ ಬೇಲೂರಿನ ಕಲ್ಲೂ

ಅರಸೀಕೆರೆಯ ಮಗ್ಗುಲಲ್ಲಿರುವ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಹತ್ತಿದವರು, ವೆಂಕಟರಮಣನ ದರ್ಶನವಾದ ಮೇಲೆ ಸ್ವಲ್ಪ ಹೊತ್ತಾದರೂ ಬಂಡೆಯ ಮೇಲೆ ಕುಳಿತು ಕೆಳಗಿನ ಬಯಲನ್ನು ನೋಡದೆ ಇಳಿಯುವುದಿಲ್ಲ. ನಾವೂ ಹಾಗೆಯೇ ಕುಳಿತಿದ್ದೆವು. ಸಂಗಡ ಬಂದಿದ್ದ ಹುಡುಗನೊಬ್ಬನು, ಊರಿನ ಹೆಸರಿನಲ್ಲಿರುವ ಅರಸಿ ಯಾರೆಂದು ಕೇಳಿದನು. ಹೊಯ್ಸಳರ ಮನೆತನದ ಅರಸಿಯೊಬ್ಬಳು ಕೆರೆಯನ್ನು ಕಟ್ಟಿಸಿದಳಂತೆ, ಅದರಿಂದ ಈ ಹೆಸರು ಬಂದಿತಂತೆ ಎಂದೆವು. “ಆಕೆಯ ಮೇಲೆ ಸಿನಿಮಾ ಇದೆಯೆ?” ಎಂದನು. ನಾವು ಕಂಡಂತೆ ಇಲ್ಲ ಎಂದೆವು. “ಏಕೆ ಇಲ್ಲ?” ಎಂದನು. ಈ ಎರಡನೆಯ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಭಾಷಣ ಆ ಹುಡುಗನಿಗೆ ಸಲ್ಲಬೇಕಾದ ಬಾಕಿ.

ಕೆರೆ ಕಟ್ಟಿಸಿದವಳಿಂದ ಬೆಳ್ಳಿಯ ತೆರೆಗೆ ಏನು ಪ್ರಯೋಜನ? ತೆರೆಗೆ ಬೇಕಾದುದು ಸಿಂಹಾಸನ, ಅದರ ಹಿಂದೆ ಒಂದು ಕಠಾರಿ, ಅದರ ಮುಂದೆ ಒಬ್ಬ ಸುಂದರಿ. ಇದನ್ನು ನಾವು ಹಳಿದು ಹೇಳುತ್ತಿಲ್ಲ. ಕಾಮ, ಅಧಿಕಾರ, ಮತ್ಸರ ಈ ಮೂರನ್ನು ತೆಗೆದುಬಿಟ್ಟರೆ ಮಹಾಭಾರತದಲ್ಲಿಯೇ ಉಳಿಯುವುದು ತೀರ್ಥಯಾತ್ರೆಯ ಪರ್ವವೊಂದೆ. 1960ರಲ್ಲಿ ಬಂದ ‘ರಣಧೀರ ಕಂಠೀರವ’ವನ್ನು ಜನ ಮುಗಿಬಿದ್ದು ನೋಡಿದುದು ಸುಮ್ಮನೆ ಅಲ್ಲ. ದಳವಾಯಿ ವಿಕ್ರಮರಾಯನ ಸಂಚು, ಎಳೆಯ ದೊರೆಯ ಕೊಲೆ, 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜರು ತೀರಿಸಿಕೊಂಡ ಸೇಡು, ಇವೆಲ್ಲವೂ ಚರಿತ್ರೆಯಲ್ಲಿಯೇ ಇವೆ. ಅಲ್ಲಿ ಚರಿತ್ರೆ ತಾನಾಗಿಯೇ ನಾಟಕವಾಗಿತ್ತು. ಚಿತ್ರಕಾರರ ಶ್ರಮ ಅರ್ಧ ತಗ್ಗಿತ್ತು.

ಚರಿತ್ರೆ ಮೌನವಾಗಿರುವ ಕಡೆಯಲ್ಲಿಯೇ ತೊಡಕು ಬರುವುದು. ಬೇಲೂರು ಅಂತಹ ಊರು.

1964ರಲ್ಲಿ ಬಿ. ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ಯನ್ನು ವರ್ಣದಲ್ಲಿ ತೆಗೆದರು. ಪೂರ್ಣ ವರ್ಣದಲ್ಲಿ ಬಂದ ಮೊದಲನೆಯ ಕನ್ನಡ ಚಿತ್ರ ಅದು. ಕಲ್ಯಾಣಕುಮಾರರು ಶಿಲ್ಪಿ, ಬಿ. ಸರೋಜಾದೇವಿಯವರು ನರ್ತಕಿಯಾದ ಹೆಂಡತಿ. ಅವಳ ಮೇಲೆ ದೊರೆಯ ಕಣ್ಣು ಬೀಳುತ್ತದೆ. ಗಂಡನು ಸಂದೇಹಪಟ್ಟು ಊರು ಬಿಡುತ್ತಾನೆ. ತಾನು ಕಾಣದ ಮಗನು ಬೆಳೆದು ಬಂದು ತಂದೆ ಕಡೆದ ವಿಗ್ರಹದಲ್ಲಿಯೇ ದೋಷವನ್ನು ತೋರಿಸುತ್ತಾನೆ. ಕಲ್ಲಿನೊಳಗಿಂದ ಕಪ್ಪೆ ಹೊರಬೀಳುತ್ತದೆ, ಶಿಲ್ಪಿ ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ನಾವು ಅದನ್ನು ನೋಡಿ ಕಣ್ಣೊರಸಿಕೊಂಡವರೇ, ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಆದರೆ ಬೇಲೂರಿನ ಕಲ್ಲಿನಲ್ಲಿ ಜಕಣಾಚಾರಿಯ ಹೆಸರು ಎಲ್ಲಿಯೂ ಇಲ್ಲ. ಅಲ್ಲಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಇವರಿಬ್ಬರೂ ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದ್ದಾರೆ. ಕಥೆಯಲ್ಲಿ ತಂದೆಗೂ ಮಗನಿಗೂ ಪೈಪೋಟಿ. ಕಲ್ಲಿನಲ್ಲಿ ತಂದೆಯೂ ಮಗನೂ ಒಂದೇ ಗುಡಿಯ ಕೆಲಸಗಾರರು. ಹಾಗೆಂದು ಕಲ್ಲಿನಲ್ಲಿ ಮತ್ಸರವೇ ಇಲ್ಲವೆಂದು ತಿಳಿಯಬಾರದು. ಇತರ ರೂವಾರಿಗಳ ಬಿರುದನ್ನು ಮುರಿಯುವವರೆಂದು ಇವರು ತಾವೇ ಬಿರುದು ಹಾಕಿಕೊಂಡಿದ್ದಾರೆ! ಉಳಿ ಹಿಡಿದವರ ಈ ಜಂಬ ನಮಗೆ ಬಲು ಪ್ರಿಯವಾದುದು. ಎಂಟುನೂರು ಒಂಬೈನೂರು ವರ್ಷಗಳ ಹಿಂದಿನ ಕೆಲಸಗಾರನೊಬ್ಬನು ಎದ್ದು ನಿಂತು ಪಕ್ಕದವನನ್ನು ಕೆಣಕಿದಂತಿದೆ. ಇದನ್ನು ಯಾರೂ ತೆರೆಯ ಮೇಲೆ ತಂದುದನ್ನು ನಾವು ಕಾಣೆವು.

ಇನ್ನು ಕಪ್ಪೆ. ಆ ಕಥೆ ಅಂಟಿಕೊಂಡಿರುವುದು ಬೇಲೂರಿನ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಗೆ. ವಿಷ್ಣುವರ್ಧನನು 1117ರಲ್ಲಿ ದೊಡ್ಡ ಗುಡಿಯನ್ನು ಪ್ರತಿಷ್ಠೆ ಮಾಡಿಸಿದ ಕಾಲದಲ್ಲಿಯೇ ಪಟ್ಟದರಸಿ ಶಾಂತಲೆಯು ಕಟ್ಟಿಸಿದ ಗುಡಿ ಇದು. ಯಾತ್ರಿಕರು ಕಪ್ಪೆಯನ್ನು ಕೇಳುತ್ತಾರೆ, ಶಾಂತಲೆಯನ್ನು ಕೇಳುವುದಿಲ್ಲ. ಕೇಳಿದರೂ, ಮದನಿಕೆಗಳಿಗೆ ಮಾದರಿಯಾಗಿ ನಿಂತವಳು ಅವಳೇ ಅಲ್ಲವೆ ಎಂದು ಕೇಳುತ್ತಾರೆ. ಅದಕ್ಕೂ ಶಾಸನದ ಆಧಾರವಿಲ್ಲ. ಗೀತ, ವಾದ್ಯ, ನೃತ್ಯಗಳಲ್ಲಿ ಅವಳು ನಿಪುಣೆಯಾಗಿದ್ದಳೆಂಬುದಕ್ಕೆ ಮಾತ್ರ ಇದೆ.

ಚಿತ್ರ ತೆಗೆಯುವವರ ಎದೆ ಹಿಗ್ಗುವಂತಹ ಒಂದು ಸಂಗತಿಯನ್ನು ಶಾಂತಲೆಯೇ ಬಿಟ್ಟುಹೋಗಿದ್ದಾಳೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಅವಳು ಶಾಂತಿನಾಥನಿಗೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಉದ್ಧಟರಾದ ಸವತಿಯರಿಗೆ ತಾನು ಮದ್ದಾನೆ ಎಂಬುದು ಆ ಅರಸಿಯ ಬಿರುದು. ಅರಮನೆಯ ಒಳಗಿನ ಕದನವೊಂದು ದೇವಸ್ಥಾನದ ಹೆಸರಾಗಿ ನಿಂತಿರುವುದು ಬೇರೆಲ್ಲಿ ಉಂಟೋ ಅರಿಯೆವು. ಸವತಿಯರು ಇದ್ದರು, ಲಕ್ಷ್ಮೀದೇವಿ, ಬಮ್ಮಲದೇವಿ ಮೊದಲಾದ ಹೆಸರುಗಳು ದೊರೆಯುತ್ತವೆ. ಮುಂದೆ ಪಟ್ಟಕ್ಕೆ ಬಂದ ನರಸಿಂಹನು ಲಕ್ಷ್ಮೀದೇವಿಯ ಮಗನು. ಯಾರು ಯಾರನ್ನು ಏನೆಂದರು, ಎಂದು ಅಂದರು ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ಇಂಗ್ಲೆಂಡಿನವರ ಅದೃಷ್ಟ ಬೇರೆ. 1702ರಿಂದ 1714ರ ವರೆಗೆ ಆಳಿದ ಆನ್ ರಾಣಿಯ ಒಲವಿಗಾಗಿ ಸಾರಾ ಚರ್ಚಿಲ್ ಎಂಬಾಕೆಯೂ ಅಬಿಗೇಲ್ ಎಂಬ ಅವಳ ಬಂಧುವೂ ಹೋರಾಡಿದುದನ್ನು ‘ದಿ ಫೇವರಿಟ್’ ಎಂಬ 2018ರ ಚಿತ್ರ ತೋರಿಸುತ್ತದೆ. ಅಲ್ಲಿ ಕಾಗದಗಳಿವೆ, ಸಾರಾ ತಾನೇ ಬರೆದು 1742ರಲ್ಲಿ ಅಚ್ಚು ಹಾಕಿಸಿದ ವೃತ್ತಾಂತವಿದೆ. ಇಷ್ಟಿದ್ದರೂ, 1708ರ ವರೆಗೆ ಬದುಕಿದ್ದ ರಾಣಿಯ ಗಂಡನನ್ನು ಚಿತ್ರಕಾರರು ತೆರೆಯ ಮೇಲೆ ಒಮ್ಮೆಯೂ ತರಲಿಲ್ಲ. ಮೂವರು ಹೆಂಗಸರ ನಡುವೆ ಅವನು ಅಡ್ಡಬರುತ್ತಿದ್ದನೆಂದು ತೋರುತ್ತದೆ. ಸಾಕ್ಷ್ಯ ಹೇರಳವಾಗಿದ್ದ ಕಡೆ ಇದ್ದವನನ್ನು ಕಳೆಯುತ್ತಾರೆ. ನಮ್ಮಂತಹ ಕಡೆ ಇಲ್ಲದವನನ್ನು ಕೂಡಿಸುತ್ತಾರೆ.

ಶಾಂತಲೆಯ ಮರಣದ ವಿಷಯದಲ್ಲಿ ಹೀಗೆ ಕೂಡಿಸಿದುದು ಸಿನಿಮಾದವರಲ್ಲ, ಜನರೇ. ಶಿವಗಂಗೆಯ ಬೆಟ್ಟಕ್ಕೆ ಹೋದವರಿಗೆ ಆಕೆ ಕೆಳಕ್ಕೆ ಧುಮುಕಿದ ಸ್ಥಳವನ್ನು ತೋರಿಸುತ್ತಾರೆ. ಮಕ್ಕಳಿಲ್ಲದ ಕೊರಗಿಗೆ, ಸವತಿಯ ಮೇಲುಗೈಗೆ ಸೋತು ಧುಮುಕಿದಳಂತೆ. ಶಾಸನವು ಶಕ 1053ರಲ್ಲಿ, ಎಂದರೆ 1131ರಲ್ಲಿ, ಶಿವಗಂಗೆಯಲ್ಲಿ ಅವಳು ಸ್ವರ್ಗಸ್ಥಳಾದುದನ್ನು ಹೇಳುತ್ತದೆ. ಪ್ರಪಾತದ ಮಾತು ಅದರಲ್ಲಿಲ್ಲ. ಸವತಿಯರಿಗೆ ಮದ್ದಾನೆಯೆಂದು ಕಲ್ಲಿನಲ್ಲಿ ಬರೆಯಿಸಿದವಳನ್ನು ಸವತಿಗೆ ಸೋತವಳನ್ನಾಗಿ ಮಾಡಲು ನಮಗೆ ಮನಸ್ಸು ಬರುವುದಿಲ್ಲ. ಒಂದು ವೇಳೆ ಯಾರಾದರೂ ಚಿತ್ರ ತೆಗೆದರೆ ಈ ಧುಮುಕುವಿಕೆಯೇ ಕೊನೆಯ ದೃಶ್ಯವಾಗುವುದೆಂದು ನಮಗೆ ಭಯ.

ಏಕೆಂದರೆ ಕೊನೆಯ ದೃಶ್ಯ ಅದಲ್ಲ. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವನು, ತಾಯಿ ಮಾಚಿಕಬ್ಬೆ ಜೈನಳು, ಗಂಡನು ವೈಷ್ಣವನಾದನು. ಇಂತಹ ಮನೆಯ ಒಳಗನ್ನು ಬರೆಯಬಲ್ಲ ಕವಿ ಇನ್ನೂ ಸಿನಿಮಾಕ್ಕೆ ಒದಗಿಲ್ಲ. ಮಗಳು ಹೋದ ಸುದ್ದಿ ತಿಳಿದ ಮೇಲೆ ಮಾಚಿಕಬ್ಬೆಯು, ಅರಸಿ ಹೋದ ಮೇಲೆ ತಾನು ಹಿಂದೆ ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದಳು. ಸನ್ಯಸನವನ್ನು ಕೈಕೊಂಡು ಉಪವಾಸದಿಂದ ದೇಹವನ್ನು ಬಿಟ್ಟಳು. ಇದು ಶಾಸನದಲ್ಲಿದೆ. ಇಲ್ಲಿ ದೊರೆಯ ಕಣ್ಣು ಇಲ್ಲ, ಸವತಿ ಇಲ್ಲ, ಸಿಂಹಾಸನವೂ ಇಲ್ಲ. ಮಗಳು ತನ್ನ ಬಿರುದನ್ನು ಇಟ್ಟು ಕಟ್ಟಿಸಿದ ಬಸದಿ ಆಗ ಆ ಬೆಟ್ಟದ ಮೇಲೆ ಎಂಟು ವರ್ಷಗಳಿಂದ ನಿಂತಿತ್ತು. ತಾಯಿ ಅದನ್ನು ನೋಡಿಯೇ ಇರಬೇಕು.