ಮೊದಲು ಹಿಂಡು, ಆಮೇಲೆ ಕಾಯಿಸು



2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಪುಂಜಗಳು ಒಂದು ಪುಟ್ಟ ಗುರಿಗೆ 2.05 ಮೆಗಾಜೂಲ್ ಶಕ್ತಿ ಸುರಿದವು. ಬೈಜಿಕ ಸಮ್ಮಿಲನದಿಂದ ಹೊರಬಂದದ್ದು 3.15 ಮೆಗಾಜೂಲ್. ಸೂರ್ಯನನ್ನೇ ಭೂಮಿಗೆ ಇಳಿಸಿದರು ಎಂಬ ಧಾಟಿಯ ಸುದ್ದಿಗಳ ಗದ್ದಲದಲ್ಲಿ ಇದರ ಹಿಂದಿನ ಅಸಲಿ ಕಸುಬು ಮರೆಯಾಯಿತು. ಅದು ಇಂಧನವನ್ನು ಹಿಂಡುವ ಕಸುಬು. ಇವತ್ತಿನ ಮಾತು ಅದರ ಬಗ್ಗೆಯೇ.

ಹಿಂಡುವುದಾದರೂ ಏಕೆ? ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಬೆಸೆದಾಗ ಹೊಮ್ಮುವ ಆಲ್ಫಾ ಕಣಗಳು ಇಂಧನದೊಳಗೇ ನಿಂತು ಅದನ್ನು ಇನ್ನಷ್ಟು ಕಾಯಿಸಬೇಕು. ಹಾಗೆ ನಿಲ್ಲುತ್ತವೋ ಇಲ್ಲವೋ ಎಂಬುದು ಸಾಂದ್ರತೆ ಮತ್ತು ತ್ರಿಜ್ಯಗಳ ಗುಣಲಬ್ಧವನ್ನು ಅವಲಂಬಿಸಿದೆ. ಸಾಂದ್ರತೆ ಸಾವಿರ ಪಟ್ಟು ಏರಿದರೆ ತ್ರಿಜ್ಯ ಸಾವಿರದ ಒಂದು ಭಾಗವಾದರೂ ಸಾಕು. ಆಗ ಬೇಕಾಗುವ ಇಂಧನದ ದ್ರವ್ಯರಾಶಿ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಯುತ್ತದೆ. ಬಾಂಬಿನ ಗಾತ್ರದ ಸ್ಫೋಟವನ್ನು ಪ್ರಯೋಗಾಲಯದ ಕೋಣೆಯೊಳಗೆ ತರುವ ದಾರಿ ಇದೊಂದೇ. ಜಾನ್ ನಕ್ಕೋಲ್ಸ್ ಮತ್ತು ಸಂಗಡಿಗರು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದ ವಾದದ ತಿರುಳೂ ಇದೇ.

ಲೇಸರ್ ನೇರವಾಗಿ ಇಂಧನಕ್ಕೆ ತಗಲುವುದಿಲ್ಲ. ಚಿನ್ನದ ಲೇಪನವಿರುವ, ಒಂದು ಸೆಂಟಿಮೀಟರ್ ಎತ್ತರದ ಸಿಲಿಂಡರಿನ ಒಳಗೋಡೆಗೆ ಬಡಿದು ಕ್ಷ-ಕಿರಣಗಳನ್ನು ಎಬ್ಬಿಸುತ್ತದೆ. ನಡುವೆ ಸುಮಾರು ಎರಡು ಮಿಲಿಮೀಟರ್ ವ್ಯಾಸದ ವಜ್ರದ ಚಿಪ್ಪು. ಅದರ ಒಳಮೈಗೆ ಇಂಧನದ ಹಿಮಪದರ. ಚಿಪ್ಪಿನ ಹೊರಮೈ ಸುಟ್ಟು ಹೊರಚಿಮ್ಮಿದಂತೆ ಉಳಿದದ್ದು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಒಳಕ್ಕೆ ಧಾವಿಸುತ್ತದೆ.

ಸೂಕ್ಷ್ಮ ಇರುವುದು ಮುಂದೆ. ಬಿಸಿಯಾದದ್ದನ್ನು ಹಿಂಡುವುದು ದುಬಾರಿ, ತಣ್ಣಗಿರುವುದನ್ನು ಹಿಂಡುವುದು ಅಗ್ಗ. ಆದ್ದರಿಂದ ಲೇಸರ್ ಬಲವನ್ನು ಒಮ್ಮೆಲೇ ಪ್ರಯೋಗಿಸದೆ ಹಂತಹಂತವಾಗಿ ಏರಿಸಿ, ಒಂದರ ಹಿಂದೊಂದು ಆಘಾತ ತರಂಗಗಳನ್ನು ಕಳಿಸುತ್ತಾರೆ. ಅವೆಲ್ಲ ಹಿಮಪದರದ ಒಳಅಂಚಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಬೇಕು. ಮೊದಲ ಆಘಾತ ಮೃದುವಾದಷ್ಟೂ ಇಂಧನ ತಣ್ಣಗಿದ್ದು ಚೆನ್ನಾಗಿ ಹಿಂಡಲ್ಪಡುತ್ತದೆ.

ಇದೇ ಪ್ರಯೋಗಾಲಯದಲ್ಲಿ 2009ರಿಂದ 2012ರವರೆಗೆ ನಡೆದ ಪ್ರಯತ್ನ ನಿಂತಿದ್ದು ಈ ನಂಬಿಕೆಯ ಮೇಲೆ: ನಾಲ್ಕು ಆಘಾತಗಳು, ಮೊದಲನೆಯದು ತೀರ ಮೃದು. ಕಂಪ್ಯೂಟರ್ ಲೆಕ್ಕದಲ್ಲಿ ದಹನ ಹೊತ್ತಿಕೊಂಡಿತು, ಪ್ರಯೋಗದಲ್ಲಿ ಹೊತ್ತಲಿಲ್ಲ. ಎಣ್ಣೆಯ ಮೇಲೆ ನೀರು ಹೊಯ್ದರೆ ನೀರು ಬೆರಳುಬೆರಳಾಗಿ ಕೆಳಗಿಳಿಯುತ್ತದಲ್ಲವೇ? ಹಗುರ ಅನಿಲ ಭಾರದ ಚಿಪ್ಪನ್ನು ತಳ್ಳುವಾಗಲೂ ಗಡಿ ಹಾಗೆಯೇ ಕದಡುತ್ತದೆ. ಚಿಪ್ಪಿನ ಮೇಲಿನ ಕಣ್ಣಿಗೆ ಕಾಣದ ಒರಟು, ಅದನ್ನು ಹಿಡಿದಿಟ್ಟ ತೆಳುಪೊರೆ, ಇಂಧನ ತುಂಬುವ ಕೂದಲಿಗಿಂತ ಸಣ್ಣ ನಳಿಗೆ, ಎಲ್ಲವೂ ಈ ಬೆರಳುಗಳಿಗೆ ಬೀಜವಾದವು.

ಪರಿಹಾರ ಸಿಕ್ಕಿದ್ದು ಹಿಂಡುವ ಆಸೆಯನ್ನು ಕೊಂಚ ಬಿಟ್ಟುಕೊಟ್ಟಾಗ. ಒಮರ್ ಹರಿಕೇನ್ ಅವರ ತಂಡ ಮೊದಲ ಆಘಾತವನ್ನು ಬಲಪಡಿಸಿ, ನಾಲ್ಕರ ಬದಲು ಮೂರು ಆಘಾತ ಬಳಸಿತು. ಇಂಧನ ತುಸು ಬಿಸಿಯಾಗಿ ಕಡಿಮೆ ಹಿಂಡಲ್ಪಟ್ಟರೂ ಗಡಿ ಕೆಡಲಿಲ್ಲ, ಫಲಿತಾಂಶ ಸುಧಾರಿಸಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ, 2022ರ ಡಿಸೆಂಬರ್ ಅಲ್ಲ. ವಜ್ರದ ಚಿಪ್ಪು, ಇನ್ನೂ ಸಣ್ಣ ನಳಿಗೆ, ಸಮ್ಮಿತಿಯ ತಿದ್ದುಪಡಿ ಎಲ್ಲ ಕೂಡಿ 2021ರ ಆಗಸ್ಟ್ 8ರಂದು ಇಳುವರಿ 1.3 ಮೆಗಾಜೂಲ್ ದಾಟಿತು. ಅದನ್ನೇ ಮತ್ತೆ ಮಾಡಹೋದಾಗ ಅಷ್ಟು ಬರಲಿಲ್ಲ! ಆ ಚಿಪ್ಪಿನಷ್ಟು ನಯವಾದ ಚಿಪ್ಪು ಸಿಗಲಿಲ್ಲ. ಚಿಪ್ಪನ್ನು ದಪ್ಪವಾಗಿಸಿ, ಲೇಸರ್ ಶಕ್ತಿಯನ್ನು ಸುಮಾರು ಶೇಕಡ 8ರಷ್ಟು ಏರಿಸಿದ ಮೇಲೆ ಡಿಸೆಂಬರಿನ ಫಲ ಬಂತು.

1955ರಲ್ಲಿ ಜಿನೀವಾದಲ್ಲಿ ಹೋಮಿ ಭಾಭಾ ಅವರು ಸಮ್ಮಿಲನ ಶಕ್ತಿ ಎರಡು ದಶಕಗಳಲ್ಲಿ ನಮ್ಮ ಹತೋಟಿಗೆ ಬಂದೀತೆಂದು ನುಡಿದಿದ್ದರು. ಅಂದಾಜು ತಪ್ಪಿತು. ಡಿಸೆಂಬರಿನ ಆ ಒಂದು ಹೊಡೆತಕ್ಕೆ ಲೇಸರ್ ವ್ಯವಸ್ಥೆ ವಿದ್ಯುತ್ ಜಾಲದಿಂದ ಎಳೆದದ್ದೇ ಸುಮಾರು 300 ಮೆಗಾಜೂಲ್. 2025ರ ಏಪ್ರಿಲ್‌ನಲ್ಲಿ ಇಳುವರಿ 8.6 ಮೆಗಾಜೂಲ್ ಮುಟ್ಟಿದೆ. ಸ್ಥಾವರವಾಗಬೇಕಾದರೆ ಇಂಥ ಹೊಡೆತ ಸೆಕೆಂಡಿಗೆ ಹಲವು ಬಾರಿ ಬೀಳಬೇಕು, ಪ್ರತಿ ಚಿಪ್ಪೂ ಅಷ್ಟೇ ನಯವಾಗಿರಬೇಕು. ಇದರಿಂದ ಮನೆಗೆ ಕರೆಂಟು ಬರಲು ಇನ್ನೂ ಬಹಳ ಕಾಲ ಬೇಕು.