ಒಂದು ತಂತ್ರಾಂಶ, ಹಲವು ಯಂತ್ರಗಳು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಂಪ್ಯೂಟರಿನ ತೆರೆಯ ಮೇಲೆ ನೀವು ಒತ್ತುವ ಗುಂಡಿ, ಅಕ್ಷರ ತುಂಬುವ ಚೌಕ, ಆಯ್ಕೆಯ ಪಟ್ಟಿ ಇವುಗಳನ್ನು ತಂತ್ರಾಂಶ ರಚಿಸುವವರೆಲ್ಲರೂ ಹೊಸದಾಗಿ ನಿರ್ಮಿಸುವುದಿಲ್ಲ. ಲೈಬ್ರರಿ ಎಂಬ ಸಿದ್ಧ ಭಾಂಡಾರದಿಂದ ಅವನ್ನು ಪಡೆಯುತ್ತಾರೆ. ಅಂತಹದೊಂದರ ಕಥೆಯನ್ನು ಕೇಳಿರಿ.

1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿದ್ದ ಜೂಲಿಯನ್ ಸ್ಮಾರ್ಟ್ ಎಂಬವರಿಗೆ, ಯುನಿಕ್ಸ್ ಮತ್ತು ವಿಂಡೋಸ್ ಎರಡರಲ್ಲಿಯೂ ನಡೆಯುವ ತಂತ್ರಾಂಶವೊಂದು ಬೇಕಾಗಿತ್ತು. ಅದಕ್ಕೆಂದು ಲೈಬ್ರರಿಯೊಂದನ್ನು ರಚಿಸಿ, ಮೂಲಪಾಠ ಸಹಿತ ಲೋಕಕ್ಕೆ ಬಿಟ್ಟುಕೊಟ್ಟರು. ಇಂದು ಅದಕ್ಕೆ ಡಬ್ಲ್ಯುಎಕ್ಸ್‌ವಿಜೆಟ್ಸ್ ಎಂದು ಹೆಸರು.

ಆದರೆ ಎಲ್ಲೆಡೆಯೂ ಸರಿಯಾಗಿ ನಡೆಯಿಸುವುದು ಸುಲಭವಲ್ಲ. ವಿಂಡೋಸಿನಲ್ಲಿ ‘ಸರಿ’ ಎಂಬ ಗುಂಡಿ ‘ರದ್ದು’ ಎಂಬುದರ ಎಡಕ್ಕಿದ್ದರೆ, ಮ್ಯಾಕ್‌ನಲ್ಲಿ ಬಲಕ್ಕಿರುತ್ತದೆ. ಅಕ್ಷರಗಳ ಅಳತೆಯೂ ಒಂದೊಂದರಲ್ಲಿ ಒಂದೊಂದು ಬಗೆ. ಇಂಗ್ಲಿಷಿನ ಅಳತೆಗೆ ಗೊತ್ತುಪಡಿಸಿದ ಗುಂಡಿಯಲ್ಲಿ ಉದ್ದನೆಯ ಕನ್ನಡ ಪದವನ್ನಿಟ್ಟರೆ ತುದಿ ಕತ್ತರಿಸಿಹೋಗುತ್ತದೆ. ಆದುದರಿಂದ ಈ ಲೈಬ್ರರಿಯು ಆಯಾ ವ್ಯವಸ್ಥೆಯ ಸ್ವಂತ ಗುಂಡಿಗಳನ್ನೇ ಬಳಸಿ, ಅಲ್ಲಿಯ ವಾಡಿಕೆಯಂತೆ ಜೋಡಿಸುವ, ಪದಕ್ಕೆ ತಕ್ಕಂತೆ ಹಿಗ್ಗಿಸುವ ಕ್ರಮವನ್ನು ಒದಗಿಸಿದೆ.

ಒಬ್ಬರ ಮೇಜಿನ ಮೇಲೆ ಎಲ್ಲ ಬಗೆಯ ಯಂತ್ರಗಳೂ ಇರಲಾರವು. ಮೂಲಪಾಠವು ತೆರೆದಿದ್ದುದರಿಂದಲೇ ಮುಂದೆ ಇತರರು ಅದನ್ನು ಲಿನಕ್ಸ್, ಮ್ಯಾಕ್‌ಗಳಿಗೂ ಹೊಂದಿಸಿಕೊಟ್ಟರು. ದೋಷ ಕಂಡವರು ತಿಳಿಸಬೇಕು; ಬಲ್ಲವರು ತಿದ್ದಬೇಕು. ಓಪನ್ ಸೋರ್ಸ್ ಪದ್ಧತಿಯ ಜೀವಾಳವೇ ಇದು.

ಮನೆಯಲ್ಲೊಂದು, ಪೇಟೆಯಲ್ಲೊಂದು ನುಡಿಯಾಡುವ ಗಡಿನಾಡಿನ ಮಕ್ಕಳೇ, ಕನ್ನಡವು ತುಂಡಾಗಿ ಕಾಣುವ ಗುಂಡಿಯನ್ನು ಕಂಡರೆ ಸುಮ್ಮನಾಗಬೇಡಿರಿ. ಯಾವ ಯಂತ್ರ, ಯಾವ ಆವೃತ್ತಿ, ಏನು ಮಾಡಿದಾಗ ಹೀಗಾಯಿತು ಎಂಬುದನ್ನು ರಚಿಸಿದವರಿಗೆ ಸ್ಪಷ್ಟವಾಗಿ ಬರೆದು ತಿಳಿಸಿರಿ. ಕನ್ನಡ ಬಾರದವರ ಕಣ್ಣಿಗೆ ಆ ದೋಷವು ಕಾಣಿಸದು. ನಿಮ್ಮ ಕಣ್ಣಿಗೆ ಕಾಣಿಸುತ್ತದೆ.