ಹಕ್ಕಿಗೂ ಸೀಮಂತ

ನೋಡಿ, ಅಸ್ಸಾಮಿನ ಹರ್ಗಿಲಾ ಕೊಕ್ಕರೆ ಚಂದದ ಹಕ್ಕಿಯೇನಲ್ಲ. ಎಲುಬು ನುಂಗುವುದು ಅಂತಲೇ ಹೆಸರಿನ ಅರ್ಥ. ಗೂಡಿನಿಂದ ಕೊಳೆತ ಮಾಂಸ ಅಂಗಳಕ್ಕೆ ಬೀಳುತ್ತೆ, ನಾತ ಬೇರೆ. ಅಪಶಕುನ ಅಂತ ಜನ ಮರವನ್ನೇ ಕಡಿಯುತ್ತಿದ್ದರು. 2007ರಲ್ಲಿ ದಾದರಾ ಗ್ರಾಮದಲ್ಲಿ ಹಾಗೆ ಮರ ಉರುಳಿ ಮರಿಗಳು ನೆಲಕ್ಕೆ ಬಿದ್ದವು. ಅದನ್ನು ಕಂಡ ಪೂರ್ಣಿಮಾ ದೇವಿ ಬರ್ಮನ್ ಇದೇ ಹಕ್ಕಿಯ ಮೇಲಿನ ತಮ್ಮ ಪಿಎಚ್‌ಡಿಯನ್ನು ಬದಿಗಿಟ್ಟರು. ಹಕ್ಕಿಯ ಬಗ್ಗೆ ಬರೆಯೋಕೆ ಮೊದಲು ಹಕ್ಕಿ ಉಳೀಬೇಕಲ್ಲ ಸ್ವಾಮಿ!

ನನಗೆ ಹಿಡಿಸಿದ್ದು ಅವರ ದಾರಿ. ಊರಿನ ಹೆಂಗಸರನ್ನೇ ಸೇರಿಸಿ ಹರ್ಗಿಲಾ ಸೇನೆ ಕಟ್ಟಿದರು. ಬಸುರಿಗೆ ಮಾಡ್ತಾರಲ್ಲ, ಹಾಗೆ ಹಕ್ಕಿಗೂ ಸೀಮಂತ! ಮಕ್ಕಳಿಗೆ ಪಾಠ. ಸೀರೆಯ ಮೇಲೆ ಹರ್ಗಿಲಾ ನೇಯ್ದರು. ಮನೆಗೆ ನಾಲ್ಕು ಕಾಸೂ ಬಂತು. ದಾದರಾ ಮತ್ತು ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 250 ದಾಟಿದವು.

ಪಿಎಚ್‌ಡಿನಾ? ಅದೂ 2019ರಲ್ಲಿ ಮುಗೀತು.